ತುಂಗಭದ್ರೆಯ ಗಡಿ ಮತ್ತು ಅಟ್ಲಾಂಟಿಕ್ ಆಚೆಯ ಹದಿಮೂರು ವಸಾಹತುಗಳು

ಇಂಗ್ಲಿಷರು 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ನೆಲೆಯೂರಿದ್ದು ಮೊದಲ್ಗೊಂಡು 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷನಾಗಿ ಪ್ರಮಾಣ ಸ್ವೀಕರಿಸುವವರೆಗಿನ ಅಮೆರಿಕದ ಇತಿಹಾಸವನ್ನು ಕನ್ನಡದ ಪಠ್ಯಗಳು ಸಾಮಾನ್ಯವಾಗಿ ದೂರದೇಶದ ಸಂಗತಿಯೆಂದೇ ಹೇಳುತ್ತವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಇತಿಹಾಸವನ್ನು ಅದರ ಮಗ್ಗುಲಲ್ಲಿ ಇಟ್ಟು ಓದಿದಾಗ ಈ ದೂರ ಬಹಳ ಮಟ್ಟಿಗೆ ಕರಗುತ್ತದೆ. ಏಕೆಂದರೆ ಈ ಸೀಮೆಯ ಬೆಳೆ, ಗಡಿ ಮತ್ತು ಆಡಳಿತ ಮೂರೂ ಅಮೆರಿಕದಲ್ಲಿ ನಡೆದ ಘಟನೆಗಳ ಪರಿಣಾಮಕ್ಕೆ ಒಳಗಾಗಿವೆ, ಮತ್ತು ಬ್ರಿಟಿಷರು ಅಲ್ಲಿ ಕಳೆದುಕೊಂಡದ್ದನ್ನು ಇಲ್ಲಿ ಕಳೆದುಕೊಳ್ಳದಂಥ ಆಳ್ವಿಕೆಯನ್ನು ಕಟ್ಟಿದ್ದರ ಭಾರವನ್ನು ಇಲ್ಲಿನ ರೈತರು ಸುಮಾರು 130 ವರ್ಷ ಹೊತ್ತಿದ್ದಾರೆ.

ಎರಡೂ ಕಡೆಯ ಇಂಗ್ಲಿಷ್ ಪ್ರವೇಶದ ಮೂಲ ವ್ಯಾಪಾರಿ ಕಂಪನಿಗಳಲ್ಲಿದೆ. ಈಸ್ಟ್ ಇಂಡಿಯಾ ಕಂಪನಿಗೆ ರಾಣಿ ಎಲಿಜಬೆತ್‌ಳ ಸನದು 1600ರ ಡಿಸೆಂಬರ್ 31ರಂದು ದೊರೆಯಿತು. ಜೇಮ್ಸ್‌ಟೌನನ್ನು ನೆಲೆಗೊಳಿಸಿದ ವರ್ಜೀನಿಯಾ ಕಂಪನಿಗೆ 1606ರಲ್ಲಿ ಅಂಥದೇ ಸನದು ಸಿಕ್ಕಿತು. ಲಂಡನ್ನಿನ ವರ್ತಕ ಸರ್ ಥಾಮಸ್ ಸ್ಮೈತ್ ಇವೆರಡರ ಆಡಳಿತದಲ್ಲೂ ಅಗ್ರಸ್ಥಾನದಲ್ಲಿದ್ದನು. ಆದರೆ ಮುಂದಿನ ನಡೆ ಬೇರೆಯಾಯಿತು. ವರ್ಜೀನಿಯಾಕ್ಕೆ ಹೋದವರು ಮೂಲನಿವಾಸಿಗಳ ನೆಲವನ್ನು ಕಿತ್ತುಕೊಂಡು ಅಲ್ಲಿಯೇ ಒಕ್ಕಲಾದರು, 1619ರಲ್ಲಿ ತಮ್ಮದೇ ಪ್ರತಿನಿಧಿ ಸಭೆಯನ್ನು ಸೇರಿಸಿದರು, ಅದೇ ವರ್ಷ ಆಫ್ರಿಕದಿಂದ ಸೆರೆಯಾಗಿ ಬಂದವರನ್ನು ದುಡಿಮೆಗೆ ಹಚ್ಚಿದರು. ಇಲ್ಲಿ ಕಂಪನಿ ಬಹುಕಾಲ ಕರಾವಳಿಯ ಕೋಠಿಗಳಲ್ಲಿ ಉಳಿಯಿತು. ತುಂಗಭದ್ರೆಯ ಉತ್ತರ ದಂಡೆಯ ಈ ಸೀಮೆ ಮೊದಲು ಬಿಜಾಪುರದ ಆದಿಲ್‌ಶಾಹಿಗೂ ಬಳಿಕ ಸವಣೂರಿನ ನವಾಬರಿಗೂ ಮರಾಠರಿಗೂ ಕಂದಾಯ ತೆರುತ್ತಿತ್ತು. ಊರಮಟ್ಟದಲ್ಲಿ ಗೌಡ, ಕುಲಕರ್ಣಿ ಮತ್ತು ಆಯಗಾರರು, ಅಂದರೆ ಬೆಳೆಯಲ್ಲಿ ಪಾಲು ಪಡೆದು ಊರಿಗೆ ದುಡಿಯುವ ಬಡಿಗ, ಕಮ್ಮಾರ, ತಳವಾರ ಮೊದಲಾದವರು, ಆಳುವವರು ಬದಲಾದರೂ ವ್ಯವಹಾರವನ್ನು ನಡೆಸಿಕೊಂಡು ಹೋಗುತ್ತಿದ್ದರು.

ಜನರಿಗಿಂತ ಮುಂಚೆ ಅಮೆರಿಕದಿಂದ ಇಲ್ಲಿಗೆ ಬಂದದ್ದು ಬೆಳೆ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಕೊಲಂಬಸ್‌ನ 1492ರ ಯಾನದ ನಂತರ ಪೋರ್ಚುಗೀಸರ ಹಡಗುಗಳ ಮೂಲಕ ಗೋವೆಯ ಕರಾವಳಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿತು. ಅದಕ್ಕೂ ಮೊದಲು ಕನ್ನಡಿಗರ ಅಡುಗೆಯ ಖಾರ ಕರಿಮೆಣಸಿನದು. ಇಂದು ಬ್ಯಾಡಗಿಯ ಹೆಸರು ಹೊತ್ತ ಸುಕ್ಕುಗಟ್ಟಿದ ಕೆಂಪು ಕಾಯಿ, ಖಾರ ಕಡಿಮೆ ಬಣ್ಣ ಹೆಚ್ಚು ಎಂಬ ಗುಣಕ್ಕೆ ಪ್ರಸಿದ್ಧವಾದದ್ದು, 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿದೆ. ಒಂದು ಪರದೇಶದ ಗಿಡವನ್ನು ಈ ಸೀಮೆಯ ಒಕ್ಕಲಿಗರು ತಲೆತಲೆಮಾರಿನ ಬೀಜದ ಆಯ್ಕೆಯಿಂದ ತಮ್ಮದಾಗಿಸಿಕೊಂಡರೆಂಬುದು, ಯಾವ ರಾಜನ ದಿಗ್ವಿಜಯಕ್ಕೂ ಕಡಿಮೆಯಿಲ್ಲದ ಸಾಧನೆ.

ಎರಡು ಇತಿಹಾಸಗಳು ನೇರವಾಗಿ ಮುಖಾಮುಖಿಯಾದದ್ದು 1770ರ ದಶಕದಲ್ಲಿ. ಸಾಲದಲ್ಲಿ ಮುಳುಗಿದ್ದ ಈಸ್ಟ್ ಇಂಡಿಯಾ ಕಂಪನಿಯನ್ನು ಉಳಿಸಲೆಂದು ಬ್ರಿಟಿಷ್ ಸಂಸತ್ತು 1773ರಲ್ಲಿ ಅದರ ಚಹವನ್ನು ಅಮೆರಿಕದ ವಸಾಹತುಗಳಲ್ಲಿ ನೇರವಾಗಿ ಮಾರಲು ಅನುವು ಮಾಡಿಕೊಟ್ಟಿತು. ಚಹದ ಮೇಲಿನ ಸುಂಕ ಮಾತ್ರ ಉಳಿಯಿತು. ತಮ್ಮ ಪ್ರತಿನಿಧಿಗಳೇ ಇಲ್ಲದ ಸಂಸತ್ತು ತಮ್ಮ ಮೇಲೆ ತೆರಿಗೆ ಹಾಕಬಾರದೆಂದು 1765ರ ಸ್ಟಾಂಪು ಕಾಯಿದೆಯ ಕಾಲದಿಂದ ವಾದಿಸುತ್ತಿದ್ದ ಬಾಸ್ಟನ್ನಿನ ಜನರು 1773ರ ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಚಹವನ್ನು ಸಮುದ್ರಕ್ಕೆ ಚೆಲ್ಲಿದರು. ಬಂಗಾಳದಲ್ಲಿ ಇದೇ ಕಂಪನಿ ನಡೆಸಿದ ಸುಲಿಗೆಯನ್ನು ಪೆನ್ಸಿಲ್ವೇನಿಯಾದ ಜಾನ್ ಡಿಕಿನ್ಸನ್ ತನ್ನ ಬರಹದಲ್ಲಿ ಎತ್ತಿ ತೋರಿಸಿ, ನಮಗೂ ಅದೇ ಗತಿ ಬಂದೀತೆಂದು ಎಚ್ಚರಿಸಿದ್ದನು.

ಹದಿಮೂರು ವಸಾಹತುಗಳು 1776ರ ಜುಲೈ 4ರಂದು ಸ್ವಾತಂತ್ರ್ಯವನ್ನು ಘೋಷಿಸಿದ ವರ್ಷವೇ ಹೈದರಾಲಿ ಬಂಕಾಪುರ–ಸವಣೂರು ಸೀಮೆಯ ಮೇಲೆ ಬಂದನು. 1779ರ ಹೊತ್ತಿಗೆ ಧಾರವಾಡದವರೆಗಿನ ನಾಡು ಶ್ರೀರಂಗಪಟ್ಟಣದ ಅಧೀನವಾಯಿತು. ಅಮೆರಿಕದ ಬಂಡುಕೋರರಿಗೂ ಹೈದರನಿಗೂ ಶತ್ರು ಒಬ್ಬನೇ, ಮಿತ್ರ ಫ್ರಾನ್ಸ್ ಕೂಡ ಒಂದೇ. ಪೆನ್ಸಿಲ್ವೇನಿಯಾ ರಾಜ್ಯವು ತನ್ನ ವ್ಯಾಪಾರಿ ಹಡಗುಗಳ ಕಾವಲಿಗೆ ಸಜ್ಜುಗೊಳಿಸಿದ ಯುದ್ಧನೌಕೆಗೆ ಹೈದರಾಲಿಯ ಹೆಸರೇ ಇತ್ತು. ಜೋಶುವಾ ಬಾರ್ನಿಯ ನೇತೃತ್ವದಲ್ಲಿ ಅದು 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿಯಿತು. ರಾಣೆಬೆನ್ನೂರಿನ ಸೀಮೆ ಯಾರ ಆಳ್ವಿಕೆಯಲ್ಲಿತ್ತೋ ಆ ದೊರೆಯ ಹೆಸರು ಅಟ್ಲಾಂಟಿಕ್‌ನಲ್ಲಿ ತೇಲಿತೆಂಬ ಈ ಸಂಗತಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನ ಜಾಗವಾದರೂ ಸಿಗಬೇಕಿತ್ತು.

ಯಾರ್ಕ್‌ಟೌನ್‌ನಲ್ಲಿ 1781ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನನಿಗೆ ಶರಣಾದ ಸೇನೆಯ ನಾಯಕ ಲಾರ್ಡ್ ಕಾರ್ನ್‌ವಾಲಿಸ್. ಅವನೇ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದನು. ಅಮೆರಿಕದ ಪ್ರತಿನಿಧಿಗಳು 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕುಳಿತು, ಶಾಸನ ಮಾಡುವ, ಅದನ್ನು ಜಾರಿಗೊಳಿಸುವ ಮತ್ತು ನ್ಯಾಯ ಹೇಳುವ ಅಧಿಕಾರಗಳನ್ನು ಮೂರು ಅಂಗಗಳಿಗೆ ಹಂಚಿ ಬರೆದ ಸಂವಿಧಾನ ಜಾರಿಗೆ ಬಂದ ಮರುವರ್ಷವೇ, 1790ರಲ್ಲಿ, ಕಾರ್ನ್‌ವಾಲಿಸ್ ಹೈದರನ ಮಗ ಟಿಪ್ಪುವಿನ ಮೇಲೆ ಯುದ್ಧ ಹೂಡಿದನು. ಮರಾಠರು ಕಂಪನಿಯ ತುಕಡಿಯೊಂದರ ನೆರವಿನಿಂದ ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1791ರ ಏಪ್ರಿಲ್‌ನಲ್ಲಿ ಅದನ್ನು ಪಡೆದರು. ಶ್ರೀರಂಗಪಟ್ಟಣದ 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟಾಗ ತುಂಗಭದ್ರೆಯ ಉತ್ತರದ ಈ ಸೀಮೆ ಮರಾಠರ ಪಾಲಿಗೆ ಬಂದು, ಹೊಳೆ ಸ್ಥೂಲವಾಗಿ ಎರಡು ರಾಜ್ಯಗಳ ಗಡಿಯಾಯಿತು. ಒಂದು ಖಂಡದಲ್ಲಿ ಸೋತ ಸೇನಾಪತಿ ಇನ್ನೊಂದು ಖಂಡದಲ್ಲಿ ಮುದ್ರೆಯೊತ್ತಿದ ಈ ಗಡಿ, ಹರಿಹರವನ್ನು ಮೈಸೂರಿಗೂ ರಾಣೆಬೆನ್ನೂರನ್ನು ಉತ್ತರದ ಆಳರಸರಿಗೂ ಹಂಚಿ, 164 ವರ್ಷ ಉಳಿಯಿತು. ಬಂಡಾಯಗಾರ ಧೋಂಡಿಯಾ ವಾಘನನ್ನು ಬೆನ್ನಟ್ಟಿದ ಕಂಪನಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿ 1800ರ ಜೂನ್‌ನಲ್ಲಿ ಹರಿಹರದ ಬಳಿ ಹೊಳೆ ದಾಟಿ ರಾಣೆಬೆನ್ನೂರಿನ ಕೋಟೆಯನ್ನು ಹಿಡಿದನಾದರೂ ಕಂಪನಿಯ ನೇರ ಆಳ್ವಿಕೆ ಬಂದದ್ದು ಪೇಶ್ವೆಯ ಪತನದ ನಂತರ, 1818ರಲ್ಲಿ.

ಹೀಗೆ ಬಂದ ಆಳ್ವಿಕೆಯ ಸ್ವರೂಪವನ್ನು ಅಮೆರಿಕದ ಪಾಠವಿಲ್ಲದೆ ಅರ್ಥಮಾಡಿಕೊಳ್ಳುವುದು ಕಷ್ಟ. ನೆಲೆಯೂರಿದ ಬಿಳಿಯರು ಸಭೆ ಕಟ್ಟಿಕೊಂಡು ಕೊನೆಗೆ ರಾಜನನ್ನೇ ಧಿಕ್ಕರಿಸಿದರೆಂಬುದು ಲಂಡನ್ನಿಗೆ ಮರೆಯುವಂಥದಾಗಿರಲಿಲ್ಲ. ಐರೋಪ್ಯರು ಭಾರತದಲ್ಲಿ ನೆಲೆಸಲು 1833ರವರೆಗೆ ಕಂಪನಿಯ ಪರವಾನಗಿ ಬೇಕಾಗಿತ್ತು. ಕಾರ್ನ್‌ವಾಲಿಸ್ ದೊಡ್ಡ ಹುದ್ದೆಗಳಿಂದ ಭಾರತೀಯರನ್ನು ಹೊರಗಿಟ್ಟನು. ಧಾರವಾಡ ಜಿಲ್ಲೆಯಲ್ಲಿ ಕಂದಾಯ ಎತ್ತುವವನೂ ದಂಡಾಧಿಕಾರವನ್ನು ಚಲಾಯಿಸುವವನೂ ಒಬ್ಬನೇ ಕಲೆಕ್ಟರ್ ಆಗಿದ್ದನು. ರೈತವಾರಿ ಪದ್ಧತಿಯಲ್ಲಿ, ಅಂದರೆ ಜಮೀನ್ದಾರನ ಮಧ್ಯಸ್ಥಿಕೆಯಿಲ್ಲದೆ ಸರ್ಕಾರವೇ ಪ್ರತಿ ಒಕ್ಕಲಿನಿಂದ ಕಂದಾಯ ಪಡೆಯುವ ಏರ್ಪಾಟಿನಲ್ಲಿ, ತೆರಿಗೆಯ ಬಗ್ಗೆ ಮಾತಾಡಲು ಬಾಸ್ಟನ್ನಿನವರಿಗಿದ್ದಂಥ ಸಭೆ ಹಾವೇರಿಯ ರೈತನಿಗೆ ಇರಲಿಲ್ಲ. 1840ರ ದಶಕದ ಭೂಮಾಪನವು ಮೂವತ್ತು ವರ್ಷಕ್ಕೆ ದರವನ್ನು ಗೊತ್ತುಮಾಡಿ ಒಂದಿಷ್ಟು ಭದ್ರತೆ ನೀಡಿತು, ಒಪ್ಪಿಗೆ ಕೇಳಲಿಲ್ಲ.

ಅದೇ ದಶಕದಲ್ಲಿ ಅಮೆರಿಕ ಮತ್ತೊಮ್ಮೆ ಬೆಳೆಯಾಗಿ ಬಂತು. ಮ್ಯಾಂಚೆಸ್ಟರಿನ ಗಿರಣಿಗಳು ಅಮೆರಿಕದ ಹತ್ತಿಯನ್ನೇ ನೆಚ್ಚಿದ್ದವು. ಆ ಹತ್ತಿಯನ್ನು ಬೆಳೆಯುತ್ತಿದ್ದವರು, ಸ್ವಾತಂತ್ರ್ಯ ಘೋಷಣೆಯೂ 1787ರ ಸಂವಿಧಾನವೂ ಬಿಡುಗಡೆ ಮಾಡದೆ ಉಳಿಸಿದ್ದ ಗುಲಾಮರು. ಬೀಜದಿಂದ ಎಳೆಯನ್ನು ಹಲ್ಲುಗಳಿಂದ ಬಿಡಿಸುವ, 1793ರಲ್ಲಿ ಎಲೈ ವಿಟ್ನಿ ರೂಪಿಸಿದ ಮಾದರಿಯ ಯಂತ್ರವು ಅವರ ದಾಸ್ಯವನ್ನು ಇನ್ನಷ್ಟು ಹಬ್ಬಿಸಿತ್ತು. ಕಂಪನಿ ಕರೆಸಿದ ಅಮೆರಿಕನ್ ಬೆಳೆಗಾರರಲ್ಲಿ ಒಬ್ಬನಾದ ಮರ್ಸರ್ ಹುಬ್ಬಳ್ಳಿ ಸಮೀಪದ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ಬೀಜವನ್ನು ಪ್ರಯೋಗಿಸಿದನು. ಬೇರೆಡೆ ಸೋತ ಆ ತಳಿ ಧಾರವಾಡ ಜಿಲ್ಲೆಯ ಎರೆನೆಲಕ್ಕೆ ಒಗ್ಗಿ, ‘ಧಾರವಾಡ–ಅಮೆರಿಕನ್’ ಎಂಬ ಹೆಸರಿನಲ್ಲಿ, ಇಲ್ಲಿಯದೇ ಆದ ಕುಮಟಾ ಹತ್ತಿಯ ಜೊತೆ ಪೇಟೆಗೆ ಹೋಯಿತು. ಅಮೆರಿಕದ ಅಂತರ್ಯುದ್ಧದ 1861–65ರ ಅವಧಿಯಲ್ಲಿ ಬೆಲೆ ಗಗನಕ್ಕೇರಿ, ಯುದ್ಧ ಮುಗಿದೊಡನೆ ಕುಸಿದಾಗ, ದೂರದ ರಾಜಕೀಯವು ಒಕ್ಕಲು ಮನೆಯ ಸಾಲಪತ್ರದವರೆಗೂ ತಲುಪಿತು.

ಒಪ್ಪಿಗೆಯಿಲ್ಲದ ತೆರಿಗೆಗೆ ಈ ಸೀಮೆ ಕೊಟ್ಟ ಉತ್ತರದಲ್ಲಿ ಮೊದಲು ನೆನೆಯಬೇಕಾದ ಹೆಸರು ಮೈಲಾರ ಮಹಾದೇವಪ್ಪನವರದು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಅವರು 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದ ಮೂಲ ತಂಡದಲ್ಲಿದ್ದ ಏಕೈಕ ಕನ್ನಡಿಗ. ಉಪ್ಪಿನ ತೆರಿಗೆಯ ಕಾಯಿದೆಯನ್ನು ಮುರಿದ ಆ ಯುವಕ ಚಲೇಜಾವ್ ಚಳವಳಿಯ ಕಾಲದಲ್ಲಿ ಸರ್ಕಾರದ ಕಂದಾಯವನ್ನೇ ಗುರಿಯಾಗಿಸಿದರು. ವರದಾ ತೀರದ ಹೊಸರಿತ್ತಿಯಲ್ಲಿ ವಸೂಲಾದ ಹಣವನ್ನು ಇಟ್ಟಿದ್ದ ವೀರಭದ್ರ ದೇವರ ಗುಡಿಯ ಮೇಲೆ 1943ರ ಏಪ್ರಿಲ್ 1ರಂದು ನಡೆಸಿದ ದಾಳಿಯಲ್ಲಿ ಪೊಲೀಸರ ಗುಂಡಿಗೆ ಅವರೂ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಎಂಬ ಸಂಗಾತಿಗಳೂ ಬಲಿಯಾದರು. ಬಾಸ್ಟನ್ನಿನ ಚಹದ ಪ್ರಸಂಗ ಜಗತ್ತಿಗೆಲ್ಲ ಗೊತ್ತಿದೆ. ಪ್ರಾಣವನ್ನೇ ಪಣಕ್ಕಿಟ್ಟ ಹೊಸರಿತ್ತಿಯ ಪ್ರಸಂಗ ಅದಕ್ಕಿಂತ ಕಿರಿದಾದುದಲ್ಲ.

ಹೊಸ ಸರ್ಕಾರವನ್ನು ಕಟ್ಟುವಲ್ಲಿ ಭಾರತದ ಸಂವಿಧಾನ ರಚಕರು ಅಮೆರಿಕದಿಂದ ಮೂಲಭೂತ ಹಕ್ಕುಗಳ ಕಲ್ಪನೆಯನ್ನೂ, ಶಾಸನದ ಸಿಂಧುತ್ವವನ್ನು ನ್ಯಾಯಾಲಯ ಪರಿಶೀಲಿಸುವ ಅಧಿಕಾರವನ್ನೂ ಪಡೆದರು. ಆದರೆ ಮತದಾನದಲ್ಲಿ ಅಮೆರಿಕದ ಸ್ಥಾಪಕರನ್ನು ಹಿಂಬಾಲಿಸಲಿಲ್ಲ. ಅಲ್ಲಿ ಆರಂಭದಲ್ಲಿ ಮತದ ಹಕ್ಕು ಬಹುಮಟ್ಟಿಗೆ ಆಸ್ತಿಯುಳ್ಳ ಬಿಳಿಯ ಗಂಡಸರಿಗೆ ಸೀಮಿತವಾಗಿತ್ತು, ಹೆಂಗಸರಿಗೆ ದೇಶದಾದ್ಯಂತ ಅದು ದೊರೆತದ್ದು 1920ರಲ್ಲಿ. ರಾಣೆಬೆನ್ನೂರಿನ ಕೂಲಿಯ ಹೆಣ್ಣುಮಗಳಿಗೂ ಜಮೀನುಳ್ಳ ದೇಸಾಯಿಗೂ 1951–52ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲೇ ಸಮನಾದ ಒಂದೊಂದು ಮತವಿತ್ತು. ಒಕ್ಕೂಟದ ವಿಚಾರದಲ್ಲಿಯೂ ದಾರಿ ಬೇರೆ: ಅಲ್ಲಿ ಹದಿಮೂರು ರಾಜ್ಯಗಳು ಕೂಡಿ ಒಂದು ದೇಶವಾದರೆ, ಇಲ್ಲಿ ದೇಶವಾದ ಮೇಲೆ ಜನರು ತಮ್ಮ ರಾಜ್ಯಕ್ಕಾಗಿ ಹೋರಾಡಬೇಕಾಯಿತು. ಮುಂಬೈ, ಮದರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳ ಏಕೀಕರಣಕ್ಕೆ ಹೊಸರಿತ್ತಿಯ ಗುದ್ಲೆಪ್ಪ ಹಳ್ಳಿಕೇರಿಯಂಥವರು ದುಡಿದರು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮುಂಬೈಯನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದಾಗ, ತುಂಗಭದ್ರೆಯಲ್ಲಿ ಕಾರ್ನ್‌ವಾಲಿಸ್ ಕಾಲದಿಂದಿದ್ದ ಗಡಿ ಅಳಿಯಿತು. 1997ರ ಆಗಸ್ಟ್ 24ರಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. 1818ರ ಕಲೆಕ್ಟರ್ ಹುದ್ದೆ ಜಿಲ್ಲಾಧಿಕಾರಿಯ ರೂಪದಲ್ಲಿ ಅಲ್ಲಿ ಈಗಲೂ ಇದೆ, ಅದರ ಜೊತೆಗೆ ಜಿಲ್ಲಾ ಪಂಚಾಯಿತಿ ಎಂಬ ಸಂಸ್ಥೆಯೂ ಇದೆ.