ಒತ್ತಿ ತಿರುಚಿದಾಗ ಸೆರಾಮಿಕ್ ಏನಾಗುತ್ತದೆ?

ಪಿಂಗಾಣಿ ಎಂದ ಕೂಡಲೇ ನಮಗೆ ನೆನಪಾಗುವುದು ಕಪ್‌-ಸಾಸರ್, ಉಪ್ಪಿನಕಾಯಿ ಜಾಡಿ. ವಿಜ್ಞಾನಿಗಳು ಹೇಳುವ ಸೆರಾಮಿಕ್ ಇದಕ್ಕಿಂತ ದೊಡ್ಡ ಕುಟುಂಬ. ಬಿಳಿ ಪೇಂಟಿನ ಟೈಟಾನಿಯಂ ಡೈಆಕ್ಸೈಡ್, ಕ್ಯಾಲಮೈನ್ ಲೋಶನ್ನಿನ ಸತುವಿನ ಆಕ್ಸೈಡ್, ಹಲ್ಲಿನ ಕ್ಯಾಪಿಗೆ ಬಳಸುವ ಜಿರ್ಕೋನಿಯಾ ಎಲ್ಲವೂ ಅದರೊಳಗೆ ಬರುತ್ತವೆ. ಇವು ಗಟ್ಟಿ, ಆದರೆ ಬಗ್ಗಿಸಹೋದರೆ ಒಡೆಯುತ್ತವೆ.

ಒಂದೇ ವಸ್ತುವಿನ ಪರಮಾಣುಗಳು ಬೇರೆ ಬೇರೆ ಕ್ರಮದಲ್ಲಿ ಜೋಡಣೆಯಾದರೆ ಅವನ್ನು ಬೇರೆ ಬೇರೆ ಪ್ರಾವಸ್ಥೆ ಎನ್ನುತ್ತೇವೆ. ಪೆನ್ಸಿಲ್ಲಿನ ಗ್ರಾಫೈಟ್, ವಜ್ರ ಎರಡೂ ಇಂಗಾಲವೇ. ಕಾಯಿಸಿದರೂ ಪ್ರಾವಸ್ಥೆ ಬದಲಾಗುತ್ತದೆ: ಜಿರ್ಕೋನಿಯಾದ ರಚನೆ ಸುಮಾರು 1170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆ, 2370ರಲ್ಲಿ ಮತ್ತೊಮ್ಮೆ ಬದಲಾಗುತ್ತದೆ. ಒತ್ತಿದರೂ ಹಾಗೆಯೇ. ಸತುವಿನ ಆಕ್ಸೈಡನ್ನು ವಾತಾವರಣದ ಒತ್ತಡದ ಸುಮಾರು 90 ಸಾವಿರ ಪಟ್ಟು ಒತ್ತಿದರೆ ಪರಮಾಣುಗಳು ಅಡುಗೆ ಉಪ್ಪಿನಲ್ಲಿರುವ ಕ್ರಮಕ್ಕೆ ಸರಿಯುತ್ತವೆ. ತೊಂದರೆ ಏನೆಂದರೆ, ಒತ್ತಡ ತೆಗೆದರೆ ಸಾಮಾನ್ಯವಾಗಿ ಅವು ಹಳೆಯ ಜಾಗಕ್ಕೇ ಮರಳುತ್ತವೆ. ಹೊಸ ಪ್ರಾವಸ್ಥೆ ಎಷ್ಟೇ ಉಪಯುಕ್ತವಾಗಿದ್ದರೂ ಕೈಗೆ ಸಿಗುವುದಿಲ್ಲ.

ಇಲ್ಲಿ ತಿರುಚುವಿಕೆ ನೆರವಿಗೆ ಬರುತ್ತದೆ. ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ: ಒಂದು ಕಲ್ಲು ನಿಂತಿದ್ದರೆ ಇನ್ನೊಂದು ತಿರುಗುತ್ತದೆ. ಈ ಯಂತ್ರದಲ್ಲಿ ಕಲ್ಲುಗಳ ಬದಲು ಟಂಗ್‌ಸ್ಟನ್ ಕಾರ್ಬೈಡಿನಂಥ ಅತಿ ಗಟ್ಟಿ ವಸ್ತುವಿನ ಎರಡು ಅಡಿಗಲ್ಲುಗಳು. ನಡುವಿನ ಕಿರುಗುಳಿಯಲ್ಲಿ ಸುಮಾರು 10 ಮಿಲಿಮೀಟರ್ ಅಗಲದ ತೆಳು ಬಿಲ್ಲೆ. ಅದನ್ನು 6 ಗಿಗಾಪಾಸ್ಕಲ್, ಅಂದರೆ ವಾತಾವರಣದ 60 ಸಾವಿರ ಪಟ್ಟು ಒತ್ತಡದಲ್ಲಿ ಹಿಡಿದು ನಿಧಾನವಾಗಿ ತಿರುಗಿಸುತ್ತಾರೆ. ಬೀಸುವ ಕಲ್ಲಿನಿಂದ ಹಿಟ್ಟು ಹೊರಗೆ ಉದುರುತ್ತದೆ. ಇಲ್ಲಿ ವಸ್ತುವಿಗೆ ಹೋಗಲು ದಾರಿಯಿಲ್ಲ, ಬಿರುಕು ಬಾಯಿ ಬಿಡಲೂ ಅಷ್ಟು ಒತ್ತಡ ಬಿಡುವುದಿಲ್ಲ. ಹೀಗಾಗಿ ಒಡೆಯಬೇಕಾದ ಸೆರಾಮಿಕ್ ಕಣಿಕದಂತೆ ನಾದಿಸಿಕೊಳ್ಳುತ್ತದೆ. ಈ ವಿಚಾರ ಹಳೆಯದು. ಅಮೆರಿಕದ ಹಾರ್ವರ್ಡ್‌ನಲ್ಲಿದ್ದ ಪರ್ಸಿ ಬ್ರಿಡ್ಜ್‌ಮನ್ ಒತ್ತುತ್ತಾ ತಿರುಚುವ ಪ್ರಯೋಗಗಳನ್ನು 1935ರಲ್ಲೇ ಪ್ರಕಟಿಸಿದ್ದರು. ಅಧಿಕ ಒತ್ತಡದ ಸಂಶೋಧನೆಗಾಗಿ 1946ರಲ್ಲಿ ಅವರಿಗೆ ನೊಬೆಲ್ ಬಂತು.

ಜಪಾನಿನ ಕ್ಯೂಶು ವಿಶ್ವವಿದ್ಯಾಲಯದಲ್ಲಿ ಕಾವೆ ಎಡಲಾಟಿ, ಝೆಂಜಿ ಹೊರಿಟಾ ಮತ್ತು ಸಂಗಡಿಗರು ಇದನ್ನು ಸೆರಾಮಿಕ್‌ಗಳಿಗೆ ಅನ್ವಯಿಸಿದರು. ಸತುವಿನ ಆಕ್ಸೈಡಿನ ‘ಉಪ್ಪಿನ’ ರಚನೆ ಬರೀ 6 ಗಿಗಾಪಾಸ್ಕಲ್‌ಗೇ ಮೂಡಿತು, ಒತ್ತಡ ತೆಗೆದ ಮೇಲೂ ಉಳಿಯಿತು. ಟೈಟಾನಿಯಂ ಡೈಆಕ್ಸೈಡಿನಲ್ಲೂ ಅಧಿಕ ಒತ್ತಡದ ಪ್ರಾವಸ್ಥೆಯೊಂದು ಹೀಗೆಯೇ ಉಳಿದುಕೊಂಡಿತು. ತಿರುಚಿದಾಗ ಹರಳುಗಳು ನ್ಯಾನೊಮೀಟರ್ ಗಾತ್ರಕ್ಕೆ ಒಡೆದು, ಒಳಗೆ ದೋಷಗಳು ತುಂಬಿಕೊಳ್ಳುತ್ತವೆ. ಪರಮಾಣುಗಳು ಹಿಂದಿರುಗುವ ದಾರಿಗೆ ಅವೇ ಅಡ್ಡ.

ಇದರಿಂದ ಲಾಭವೇನು? ಸತುವಿನ ಆಕ್ಸೈಡ್ ಸಾಮಾನ್ಯವಾಗಿ ನೇರಳಾತೀತ ಕಿರಣಗಳನ್ನಷ್ಟೇ ಹೀರುತ್ತದೆ. ಬಿಸಿಲಿನಲ್ಲಿ ಅವುಗಳ ಪಾಲು ತೀರಾ ಕಡಿಮೆ. ಅದರ ಬ್ಯಾಂಡ್ ಗ್ಯಾಪ್ ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್. ಹೊಸ ಪ್ರಾವಸ್ಥೆಯಲ್ಲಿ ಅದು ಸುಮಾರು 1.8ಕ್ಕೆ ಇಳಿಯಿತು, ಅಂದರೆ ಕಣ್ಣಿಗೆ ಕಾಣುವ ಬೆಳಕೂ ಕೆಲಸಕ್ಕೆ ಬಂತು. ಬಿಸಿಲಿನಿಂದಲೇ ನೀರನ್ನು ಒಡೆದು ಜಲಜನಕ ಪಡೆಯಬೇಕೆನ್ನುವವರಿಗೆ ಇದು ದೊಡ್ಡ ಸುದ್ದಿ.

ಆದರೆ ನಾಳೆಯೇ ಕಾರ್ಖಾನೆ ಏಳುತ್ತದೆಂದು ನಾವು ಹೇಳುವುದಿಲ್ಲ. ಒತ್ತಿದಾಗ ಪುಡಿ ಅಂಟಿಕೊಂಡು, ಬೆಳಕು ಬೀಳುವ ಮೇಲ್ಮೈ ಕಡಿಮೆಯಾಗುತ್ತದೆ. ಗಾತ್ರದ ತೊಡಕು ಇನ್ನೂ ದೊಡ್ಡದು. ಪ್ಲಸ್ ಟು ಓದುವ ನಮ್ಮ ಮಕ್ಕಳು ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಿ ನೋಡಲಿ: 10 ಮಿಲಿಮೀಟರ್ ಬಿಲ್ಲೆಗೇ ಸುಮಾರು 48 ಟನ್ ಭಾರ ಬೇಕು. ಊಟದ ತಟ್ಟೆಗಿಂತ ಚಿಕ್ಕದಾದ 100 ಮಿಲಿಮೀಟರ್ ಬಿಲ್ಲೆಗೆ 4,800 ಟನ್.