ಮಂಡ್ಯಕ್ಕೆ ಬಂದ ಆಫ್ರಿಕದ ರಾಗಿ

ರಾಗಿ ನಮ್ಮದೇ ಧಾನ್ಯ ಎಂಬುದು ಹಳೆ ಮೈಸೂರಿನವರ ನಂಬಿಕೆ. ಆದರೆ ಅದರ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಬಂದು ಇಲ್ಲಿ ನೆಲೆಯೂರಿದ ಈ ಬೆಳೆಗೆ ತವರಿನ ನಂಟನ್ನು ಮತ್ತೆ ಬೆಸೆದವರು ಮಂಡ್ಯದ ವಿ.ಸಿ. ಫಾರಂನ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯ. ಜನ ಅವರನ್ನು 'ರಾಗಿ ಬ್ರಹ್ಮ' ಎಂದೇ ಕರೆದರು.

ರಾಗಿಯಲ್ಲಿ ಸಂಕರ ಮಾಡುವುದು ಸುಲಭವಲ್ಲ. ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು. ಅರಳುವುದೋ, ನಡುರಾತ್ರಿ ಕಳೆದ ಮೇಲೆ. ಅರಳುತ್ತಿದ್ದಂತೆಯೇ ತನ್ನದೇ ಪರಾಗದಿಂದ ಕಾಳು ಕಟ್ಟಿಬಿಡುತ್ತದೆ. ಇದಕ್ಕೆ ತಳಿಗಾರರು ಕಂಡುಕೊಂಡ ಉಪಾಯಗಳಲ್ಲಿ ಒಂದು ಬಲು ಸರಳ: ಎರಡು ತಳಿಗಳ ತೆನೆಗಳನ್ನು ಒಟ್ಟಿಗೆ ಸೇರಿಸಿ ಕಟ್ಟುವುದು. ತಾಯಿ ಗಿಡ ಹಸಿರು, ತಂದೆ ಗಿಡಕ್ಕೆ ನೇರಳೆ ಛಾಯೆ. ತಾಯಿಯ ಕಾಳುಗಳನ್ನು ಬಿತ್ತಿ, ಹಸಿರು ಸಸಿಗಳ ನಡುವೆ ನೇರಳೆ ಬಣ್ಣ ತೋರಿದ ಕೆಲವನ್ನು ಹುಡುಕಿ ತೆಗೆಯಬೇಕು. ಸಂಕರದ ಸಸಿಗಳು ಅವೇ. ಅನಂತರ ಹಲವು ತಲೆಮಾರುಗಳ ಆಯ್ಕೆ. ಪ್ರಯೋಗಾಲಯಕ್ಕಿಂತ ತಾಳ್ಮೆಯೇ ಇಲ್ಲಿನ ದೊಡ್ಡ ಬಂಡವಾಳ.

ಅರುಣ, ಉದಯ, ಪೂರ್ಣ, ಕಾವೇರಿ ಮೊದಲಾದ ತಳಿಗಳನ್ನು ನೀಡಿದ ಲಕ್ಷ್ಮಣಯ್ಯ ಮುಂದೆ ಆಫ್ರಿಕದ ರಾಗಿಯತ್ತ ತಿರುಗಿದರು. ಅದರ ಕಾಂಡ ದಪ್ಪ, ತೆನೆ ದೊಡ್ಡದು, ಬೆಂಕಿ ರೋಗವನ್ನು ತಡೆಯುವ ಶಕ್ತಿಯೂ ಇತ್ತು; ಕಟಾವಿಗೆ ಬರುವುದು ಮಾತ್ರ ತಡ. 1970ರ ದಶಕದಲ್ಲಿ ರೈತರ ಕೈಸೇರತೊಡಗಿದ ಸಂಕರದ ತಳಿಗಳಿಗೆ ಇಂಡಿಯಾ, ಆಫ್ರಿಕ ಎರಡೂ ಹೆಸರು ಕೂಡಿಸಿ 'ಇಂಡಾಫ್' ಎಂದರು. ಇಂಡಾಫ್-8 ದೀರ್ಘಾವಧಿಯದು. ಮಳೆ ತಡವಾದ ವರ್ಷಕ್ಕೆ ಬೇಗ ಬರುವ ಇಂಡಾಫ್-9 ಇತ್ತು.

ಇವು ಹೈಬ್ರಿಡ್ ಜೋಳದಂತಲ್ಲ. ಕಣದಲ್ಲಿ ಒಳ್ಳೆಯ ತೆನೆ ಆರಿಸಿಟ್ಟುಕೊಂಡರೆ ಮುಂದಿನ ವರ್ಷದ ಬಿತ್ತನೆಗೆ ಅದೇ ಸಾಕು, ಪ್ರತಿ ವರ್ಷ ಬೀಜದಂಗಡಿಗೆ ಹೋಗಬೇಕಾಗಿಲ್ಲ. ನೀರು ಕಡಿಮೆ, ಹುಲ್ಲು ದನಗಳಿಗೆ. 'ಸುಸ್ಥಿರ ಆರ್ಥಿಕತೆ' ಎಂಬ ದೊಡ್ಡ ಮಾತು ಹುಟ್ಟುವ ಮೊದಲೇ ಖುಷ್ಕಿ ರೈತನಿಗೆ ಈ ಲೆಕ್ಕ ಗೊತ್ತಿತ್ತು.

ನಷ್ಟವೂ ಆಯಿತು. ಹೊಸ ತಳಿ ಹಬ್ಬಿದಂತೆ ಹಸುರುಕಂಬಿ, ಗಿಡ್ಡ ರಾಗಿಯಂಥ ನಾಟಿ ತಳಿಗಳು ಹೊಲಗಳಿಂದ ಹಿಂದೆ ಸರಿದವು. ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2017ರಲ್ಲಿ ವಂಶವಾಹಿ ಸಂಕೇತವನ್ನು ಓದಿ ಪ್ರಕಟಿಸಿದ, ಬರ ತಾಳುವ ಎಂ.ಎಲ್-365 ತಳಿಯ ಒಂದು ಪೋಷಕ ಇಂಡಾಫ್-5. ಇನ್ನೊಂದಕ್ಕೆ ಹೆಸರಿಲ್ಲ, ಬೀಜ ಸಂಗ್ರಹದ ಸಂಖ್ಯೆ ಮಾತ್ರ: ಐ.ಇ. 1012. ಬೆಂಕಿ ರೋಗಕ್ಕೆ ಬಗ್ಗದ ಜಿ.ಪಿ.ಯು-28ರ ವಂಶಾವಳಿಯಲ್ಲಿಯೂ ಇದೇ ಸಂಖ್ಯೆ ಇದೆ.