ಫ್ರೆಡ್ ಕುಮ್ಮೆರೋ: ವನಸ್ಪತಿಯ ಕೇಡನ್ನು ಮೊದಲೇ ಕಂಡ ವಿಜ್ಞಾನಿ

ಫ್ರೆಡ್ ಕುಮ್ಮೆರೋ (1914–2017) ಅಮೆರಿಕದ ಜೀವರಸಾಯನ ವಿಜ್ಞಾನಿ. ಗಟ್ಟಿಗೊಳಿಸಿದ ಸಸ್ಯತೈಲದಲ್ಲಿರುವ ಟ್ರಾನ್ಸ್ ಕೊಬ್ಬು ರಕ್ತನಾಳಗಳಿಗೆ ಕೇಡು ಎಂದು ಮೊಟ್ಟಮೊದಲು ಎಚ್ಚರಿಸಿದವರಲ್ಲಿ ಅವರೊಬ್ಬರು. ಜೈನ ಕುಟುಂಬಗಳಿಗೆ ಅವರ ಸಂಶೋಧನೆ ಒಂದು ವಿಶೇಷ ಕಾರಣಕ್ಕೆ ಮುಖ್ಯ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಪದಾರ್ಥ ಸಸ್ಯಾಹಾರ ಎಂದಷ್ಟೇ ಹೇಳುತ್ತದೆ, ಆರೋಗ್ಯಕರ ಎಂದು ಹೇಳುವುದಿಲ್ಲ. ವನಸ್ಪತಿಯ ಡಬ್ಬಿಗೂ ಅದೇ ಹಸಿರು ಚುಕ್ಕೆ ಇರುತ್ತದೆ.

ಬರ್ಲಿನ್‌ನಲ್ಲಿ ಜನಿಸಿದ ಕುಮ್ಮೆರೋ 1923ರಲ್ಲಿ ಕುಟುಂಬದೊಡನೆ ಅಮೆರಿಕಕ್ಕೆ ಬಂದರು. ಬೆಳೆದದ್ದು ಮಿಲ್ವಾಕೀ ನಗರದ ಕಾರ್ಮಿಕರ ಮನೆಯಲ್ಲಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1943ರಲ್ಲಿ ಪಿಎಚ್.ಡಿ. ಪಡೆದರು. ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರ ರೋಗವನ್ನು ತಡೆಯಲು ಮೆಕ್ಕೆಜೋಳದ ರವೆಯನ್ನು ಪುಷ್ಟೀಕರಿಸುವ ಕೆಲಸದಲ್ಲಿ ಪಾಲ್ಗೊಂಡರು. ಸೈನ್ಯಕ್ಕೆ ಕಳುಹಿಸುವ ಶೀತಲೀಕೃತ ಆಹಾರ ಕಮಟಾಗದಂತೆ ಕಾಯುವ ವಿಧಾನವನ್ನೂ ಅಭ್ಯಸಿಸಿದರು. ಬಳಿಕ ಇಲಿನಾಯ್ ವಿಶ್ವವಿದ್ಯಾಲಯ ಸೇರಿ ಜೀವನದ ಕೊನೆಯವರೆಗೂ ಅಲ್ಲಿಯೇ ಸಂಶೋಧನೆ ನಡೆಸಿದರು.

ದ್ರವರೂಪದ ಎಣ್ಣೆಯನ್ನು ಬಿಸಿಮಾಡಿ, ನಿಕಲ್ ಲೋಹದ ಸಂಪರ್ಕದಲ್ಲಿ ಜಲಜನಕ ಹಾಯಿಸಿದರೆ ಅದು ತುಪ್ಪದಂತೆ ಗಟ್ಟಿಯಾಗುತ್ತದೆ. ಇದೇ ಹೈಡ್ರೋಜನೀಕರಣ. ಈ ಕ್ರಿಯೆ ಅರ್ಧಕ್ಕೆ ನಿಂತಾಗ ಎಣ್ಣೆಯ ಕೆಲವು ಅಣುಗಳ ಬಾಗು ಹೋಗಿ ನೆಟ್ಟಗಾಗುತ್ತವೆ. ಅವೇ ಟ್ರಾನ್ಸ್ ಕೊಬ್ಬಿನ ಆಮ್ಲಗಳು. ಹಾಲು, ತುಪ್ಪಗಳಲ್ಲಿಯೂ ಸಹಜವಾಗಿ ಸ್ವಲ್ಪ ಇರುತ್ತವೆ, ಆದರೆ ಹಳೆಯ ಬಗೆಯ ವನಸ್ಪತಿಯಲ್ಲಿ ಅವುಗಳ ಪ್ರಮಾಣ ಅದಕ್ಕಿಂತ ಬಹಳ ಹೆಚ್ಚು.

ಹೃದ್ರೋಗದಿಂದ ಮೃತಪಟ್ಟವರ ರಕ್ತನಾಳಗಳನ್ನು ಕುಮ್ಮೆರೋ ಪರೀಕ್ಷಿಸಿದಾಗ ಅವುಗಳಲ್ಲಿ ಟ್ರಾನ್ಸ್ ಕೊಬ್ಬು ಕಂಡುಬಂತು. ಮನುಷ್ಯರ ಅಂಗಾಂಶಗಳಲ್ಲಿ ಈ ಕೊಬ್ಬು ಸೇರಿಕೊಳ್ಳುತ್ತದೆ ಎಂದು ಅವರು ಮತ್ತು ಸಹೋದ್ಯೋಗಿಗಳು 1957ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದೆ ಪ್ರಾಣಿಗಳ ಮೇಲೂ ಪ್ರಯೋಗಗಳು ನಡೆದವು. ಅಹಿಂಸೆಯನ್ನು ಪಾಲಿಸುವವರಿಗೆ ಇದು ಒಪ್ಪುವ ಮಾರ್ಗವಲ್ಲ. ಆದರೂ ಆ ಜ್ಞಾನ ದೊರೆತ ಬಗೆಯನ್ನು ಮರೆಮಾಚುವುದು ಸರಿಯಲ್ಲ.

ಆಗ ಯಾರೂ ಹೆಚ್ಚು ಕಿವಿಗೊಡಲಿಲ್ಲ. ಬೆಣ್ಣೆಗಿಂತ ಸಸ್ಯತೈಲದ ಮಾರ್ಗರೀನ್ ಒಳ್ಳೆಯದೆಂದು ವೈದ್ಯರೇ ಹೇಳುತ್ತಿದ್ದ ಕಾಲವದು. 1990ರಲ್ಲಿ ನೆದರ್ಲೆಂಡ್ಸ್‌ನ ಮೆನ್ಸಿಂಕ್ ಮತ್ತು ಕಟಾನ್, ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ ಎಂದು ತೋರಿಸಿದ ಮೇಲೆ ಗಾಳಿ ತಿರುಗಿತು. ಡೆನ್ಮಾರ್ಕ್ 2003ರಲ್ಲಿ ಕಾನೂನು ಮಾಡಿತು. ಅಮೆರಿಕದಲ್ಲಿ ಮಾತ್ರ ವಿಳಂಬವಾಗುತ್ತಲೇ ಇತ್ತು. 2009ರಲ್ಲಿ ಕುಮ್ಮೆರೋ ಅಲ್ಲಿನ ಆಹಾರ ಮತ್ತು ಔಷಧ ಆಡಳಿತಕ್ಕೆ ಅರ್ಜಿ ಸಲ್ಲಿಸಿದರು. ಉತ್ತರ ಬಾರದಿದ್ದಾಗ 2013ರಲ್ಲಿ, 98ನೆಯ ವಯಸ್ಸಿನಲ್ಲಿ, ಮೊಕದ್ದಮೆ ಹೂಡಿದರು! 2015ರಲ್ಲಿ ಭಾಗಶಃ ಹೈಡ್ರೋಜನೀಕರಿಸಿದ ತೈಲಗಳನ್ನು ಕೈಬಿಡುವ ಆದೇಶ ಹೊರಬಿತ್ತು. ಅದು 2018ರ ಜೂನ್‌ನಲ್ಲಿ ಜಾರಿಗೆ ಬರುವ ಹೊತ್ತಿಗೆ ಅವರು ಇರಲಿಲ್ಲ. 2017ರ ಮೇ 31ರಂದು 102ನೆಯ ವಯಸ್ಸಿನಲ್ಲಿ ನಿಧನರಾಗಿದ್ದರು.

ಅವರ ಇನ್ನೊಂದು ವಾದ ಉತ್ಕರ್ಷಣದ ಕುರಿತದ್ದು. ಕೊಲೆಸ್ಟರಾಲ್ ತಾನಾಗಿ ಅಪರಾಧಿಯಲ್ಲ, ಶಾಖ ಮತ್ತು ಆಮ್ಲಜನಕದಿಂದ ಕೆಟ್ಟ ಕೊಬ್ಬೇ ರಕ್ತನಾಳವನ್ನು ಹಾಳುಗೆಡಹುತ್ತದೆ ಎಂದರು. ತಾವು ಮೊಟ್ಟೆ, ಬೆಣ್ಣೆ, ಕೆನೆಹಾಲು ಬಿಡಲಿಲ್ಲ. ಈ ಮಾತನ್ನು ಎಲ್ಲ ವಿಜ್ಞಾನಿಗಳೂ ಪೂರ್ಣವಾಗಿ ಒಪ್ಪಿಲ್ಲ. ದಿನದ ಶಕ್ತಿಯಲ್ಲಿ ತುಪ್ಪ, ಬೆಣ್ಣೆಗಳಂತಹ ಪರ್ಯಾಪ್ತ ಕೊಬ್ಬಿನ ಪಾಲು ಶೇ. 10 ಮೀರಬಾರದು, ಟ್ರಾನ್ಸ್ ಕೊಬ್ಬಿನ ಪಾಲು ಶೇ. 1ಕ್ಕಿಂತ ಕಡಿಮೆ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದ್ದರಿಂದ ಕುಮ್ಮೆರೋ ಹೆಸರು ಹೇಳಿ ತುಪ್ಪವನ್ನು ಮಿತಿಮೀರಿ ಬಡಿಸುವಂತಿಲ್ಲ.

ಕಮಟು ಎಣ್ಣೆಯ ವಿಷಯ ಶ್ರಾವಕರಿಗೆ ಹೊಸದಲ್ಲ. ರುಚಿ, ವಾಸನೆ ಕೆಟ್ಟ ಆಹಾರವನ್ನು ಚಲಿತರಸವೆಂದು ಅಭಕ್ಷ್ಯದಲ್ಲಿ ಸೇರಿಸಲಾಗಿದೆ. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ಇಂದಿಗೂ ಪಾಲಿಸುವ ಮನೆಗಳಿವೆ. ಇದರ ಆಧಾರ ಜೀವದಯೆಯೇ ಹೊರತು ರಸಾಯನಶಾಸ್ತ್ರವಲ್ಲ. ಎರಡನ್ನೂ ಒಂದೇ ಎನ್ನುವುದು ಅತಿಶಯೋಕ್ತಿಯಾದೀತು. ಆದರೆ ತಾಜಾ ಹಿಟ್ಟು, ತಾಜಾ ಎಣ್ಣೆಯ ಅಡುಗೆಮನೆಯಲ್ಲಿ ಉತ್ಕರ್ಷಣಗೊಂಡ ಕೊಬ್ಬು ಕಡಿಮೆ ಎಂಬುದು ನಿಜ. ಎಳ್ಳೆಣ್ಣೆ ಬೇಗ ಕಮಟಾಗದಿರುವುದಕ್ಕೆ ಅದರಲ್ಲಿರುವ ಸೆಸಮಾಲ್ ಮುಂತಾದ ಸಹಜ ಉತ್ಕರ್ಷಣ ನಿರೋಧಕಗಳು ಕಾರಣ.

ಭಾರತದಲ್ಲಿ ತೈಲ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬಿನ ಮಿತಿಯನ್ನು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2021ರಲ್ಲಿ ಶೇ. 3ಕ್ಕೆ, 2022ರ ಜನವರಿಯಿಂದ ಶೇ. 2ಕ್ಕೆ ಇಳಿಸಿತು. ಕರಿದ ಎಣ್ಣೆಗೂ ನಿಯಮವಿದೆ. ಪದೇಪದೇ ಕಾಯಿಸಿದಾಗ ಉಂಟಾಗುವ ಧ್ರುವೀಯ ಸಂಯುಕ್ತಗಳು ಶೇ. 25 ಮೀರಿದರೆ ಆ ಎಣ್ಣೆಯನ್ನು ಬಳಸುವಂತಿಲ್ಲ. ಪರ್ಯುಷಣ, ದಶಲಕ್ಷಣದ ಪಾರಣೆಗೆ ದೊಡ್ಡ ಪ್ರಮಾಣದಲ್ಲಿ ಅಡುಗೆ ಮಾಡಿಸುವವರು ಹಿಂದಿನ ದಿನ ಕರಿದು ಉಳಿದ ಎಣ್ಣೆಯನ್ನು ಮತ್ತೆ ಬಾಣಲೆಗೆ ಸುರಿಯದಂತೆ ಅಡುಗೆಯವರಿಗೆ ಮೊದಲೇ ತಿಳಿಸಬಹುದು. ಬಿಸ್ಕತ್ತು, ಖಾರಿ, ಪಫ್ ಕೊಳ್ಳುವಾಗ ಹಸಿರು ಚುಕ್ಕೆಯ ಜೊತೆಗೆ ಪದಾರ್ಥಗಳ ಪಟ್ಟಿಯಲ್ಲಿ ವನಸ್ಪತಿ, ಹೈಡ್ರೋಜನೀಕರಿಸಿದ ಸಸ್ಯತೈಲ, ಬೇಕರಿ ಶಾರ್ಟನಿಂಗ್ ಎಂಬ ಹೆಸರುಗಳಿವೆಯೇ ಎಂದೂ ನೋಡಬೇಕು.